ಆರು ತಿಂಗಳಾದರೂ ಮೌತ್ ಆರ್ಗನ್‌ನಲ್ಲಿ ಬೆಂಡ್ ಬರ್ತಿಲ್ಲ, ಬ್ಲೂಸ್‌ಗೆ ಥಿಯರಿ ಕಲಿಯಲೇಬೇಕಾ?

ನೀವು ಕೇಳಿದ್ದು ಮೂರು. ಬೆಂಡ್ (ನುಡಿಯುತ್ತಿರುವ ಸ್ವರವನ್ನು ಬಾಯಲ್ಲೇ ಕೆಳಕ್ಕೆ ಇಳಿಸುವುದು) ಯಾಕೆ ಬರ್ತಿಲ್ಲ, ಥಿಯರಿ ಬೇಕಾ, ಧಾರವಾಡದಲ್ಲಿ ಬ್ಲೂಸ್ (ಅಮೆರಿಕದ ಕಪ್ಪುಜನರ ಸಂಗೀತ ಶೈಲಿ) ಕಲಿಸುವವರು ಸಿಗದಿದ್ದರೆ ಏನು ಮಾಡೋದು. ನಾನು ಹುಬ್ಬಳ್ಳಿಯವನು. ಎಂಟು ವರ್ಷದಿಂದ ಸಂಜೆ ಹೊತ್ತು ನುಡಿಸುತ್ತೇನೆ, ವೇದಿಕೆ ಹತ್ತುವಷ್ಟು ದೊಡ್ಡವನಲ್ಲ. ಆದರೆ ನೀವು ಮಾಡುತ್ತಿರುವ ತಪ್ಪುಗಳನ್ನೆಲ್ಲ ಮಾಡಿ ಮುಗಿಸಿದ್ದೇನೆ.

ಮೊದಲು ನಿಮ್ಮ ಕೈಯಲ್ಲಿರುವುದನ್ನು ನೋಡಿ. ಮೇಲೆ ಕೆಳಗೆ ಎರಡು ಸಾಲು ತೂತು ಇದ್ದರೆ ಅದು ಟ್ರೆಮೊಲೊ. ನಾನೂ ಅದನ್ನೇ ತಂದಿದ್ದೆ. ಅಂಗಡಿಯವರು "ಎಲ್ಲಾ ಒಂದ ರೀ" ಅಂದಿದ್ದರು. ನಾಲ್ಕು ತಿಂಗಳು ಕೆನ್ನೆ ನೋಯಿಸಿಕೊಂಡೆ. ಅದರಲ್ಲಿ ಬ್ಲೂಸ್ ಬೆಂಡ್ ಬರುವುದೇ ಇಲ್ಲ. ನಿಮಗೆ ಬೇಕಿರುವುದು ಒಂದೇ ಸಾಲಿನ, ಹತ್ತು ತೂತಿನ ಡಯಾಟೋನಿಕ್. ಸಿ ಕೀಯದು, ಅಂದರೆ ಬಿಳಿ ಒಂದರ ಶ್ರುತಿಯದು ತಗೊಳ್ಳಿ. ಹೋನರ್ ಸ್ಪೆಷಲ್ 20 ಸಾಕು. ಅದರ ಬಾಚಣಿಗೆ (ತೂತುಗಳಿರುವ ನಡುವಿನ ಪಟ್ಟಿ) ಪ್ಲಾಸ್ಟಿಕ್, ಎಂಜಲಿಗೆ ಉಬ್ಬುವುದಿಲ್ಲ.

ಡಯಾಟೋನಿಕ್ ಇದ್ದೂ ಬರ್ತಿಲ್ಲ ಅಂದರೆ ಮುಂದೆ ಓದಿ.

ಒಂದೊಂದು ತೂತಿನಲ್ಲೂ ಎರಡು ರೀಡ್ (ಉಸಿರಿಗೆ ಅದುರುವ ತೆಳು ಲೋಹದ ಪಟ್ಟಿ) ಇರುತ್ತವೆ. ಊದಿದರೆ ಒಂದು ನುಡಿಯುತ್ತೆ, ಎಳೆದರೆ ಇನ್ನೊಂದು. 1ರಿಂದ 6ನೇ ತೂತಿನವರೆಗೆ ಎಳೆದಾಗ ಬರುವ ಸ್ವರ ಎತ್ತರದ್ದು, ಊದಿದಾಗ ಬರುವುದು ತಗ್ಗಿನದು. ಈ ಎರಡರ ನಡುವೆ ಎಷ್ಟು ಸ್ವರ ಅಡಗಿವೆಯೋ ಅಷ್ಟೇ ಬೆಂಡ್ ಸಿಗುತ್ತವೆ. ಪೇಟಿಯ (ಹಾರ್ಮೋನಿಯಂ) ಮೇಲೆ ಎಣಿಸಿ. 3ನೇ ತೂತು ಎಳೆದರೆ ಬಿಳಿ ಏಳು (ಏಳನೇ ಬಿಳಿ ಮನೆ), ಊದಿದರೆ ಬಿಳಿ ಐದು. ನಡುವೆ ಮೂರು ಮನೆ, ಹಾಗಾಗಿ ಮೂರು ಬೆಂಡ್. 2ರಲ್ಲಿ ಎರಡು. 1, 4 ಮತ್ತು 6ರಲ್ಲಿ ಒಂದೊಂದು. 5ರಲ್ಲಿ ನಡುವೆ ಏನೂ ಇಲ್ಲ, ಎಷ್ಟು ಎಳೆದರೂ ಅರ್ಧ ಸ್ವರ ಇಳಿಯುವುದಿಲ್ಲ. ನಿಮ್ಮ ಪ್ರಶ್ನೆಯಲ್ಲಿ "5ನೇದು ಕೆಟ್ಟಿದೆ ಅನ್ಸತ್ತೆ" ಅಂದಿದ್ದೀರಲ್ಲ, ಅದು ಕೆಟ್ಟಿಲ್ಲ!

ಶುರು 4ನೇ ತೂತಿನಿಂದ ಮಾಡಿ. ಜೋರಾಗಿ ಎಳೆಯಬೇಡಿ. ಜೋರಾಗಿ ಎಳೆದೇ ನನ್ನ ಮೊದಲ ಹಾರ್ಪಿನ (ಬ್ಲೂಸ್‌ನವರು ಮೌತ್ ಆರ್ಗನ್‌ಗೆ ಹೀಗನ್ನುತ್ತಾರೆ) 4ನೇ ರೀಡ್ ಶ್ರುತಿ ಬಿಟ್ಟು ಹೋಯಿತು. ಕೆಲಸ ಮಾಡುವುದು ನಾಲಿಗೆ. "ಈ" ಅನ್ನಿ, ನಾಲಿಗೆ ಮುಂದಿರುತ್ತೆ. "ಊ" ಅನ್ನಿ, ಹಿಂದೆ ಸರಿಯುತ್ತೆ. ತುಟಿ ಅಲ್ಲಾಡಿಸದೆ ಅಷ್ಟನ್ನೇ ಉಸಿರು ಒಳಗೆ ಎಳೆಯುತ್ತಾ ಮಾಡಿ. ಹಾರ್ಪ್ ಪಕ್ಕಕ್ಕಿಟ್ಟು, ಉಸಿರು ಒಳಗೆಳೆದುಕೊಂಡೇ ಶಿಳ್ಳೆ ಹಾಕಿ, ಶಿಳ್ಳೆಯನ್ನು ಮೇಲಿಂದ ಕೆಳಗೆ ಇಳಿಸಿ ನೋಡಿ. ಆಗ ನಾಲಿಗೆ ಎಲ್ಲಿ ಹೋಗುತ್ತೋ ಅದೇ ಜಾಗ. ಇನ್ನು 2ನೇ ತೂತು ಎಳೆದರೆ ಶುರುವಿನಲ್ಲಿ ಎಲ್ಲರಿಗೂ ಉಸಿರುಗಟ್ಟಿದಂತೆ ಆಗುತ್ತೆ. ಗಂಟಲು ಸಡಿಲ ಬಿಡಿ, ಸರಿಹೋಗುತ್ತೆ.

ಸ್ವರ ಇಳಿಯಿತು ಅಂದರೆ ಕೆಲಸ ಮುಗಿಯಲಿಲ್ಲ. ಎಲ್ಲಿಗೆ ಇಳಿಯಿತು ಅನ್ನೋದು ಮುಖ್ಯ. ನಾನು ಒಂದು ವರ್ಷ ಸುಮ್ನೆ "ವ್ಯಾಂವ್" ಅನ್ನಿಸಿಕೊಂಡು ಓಡಾಡಿದೆ. ಒಂದು ದಿನ ಭಜನೆಗೆ ಪೇಟಿ ನುಡಿಸುವ ನಮ್ಮ ಕಾಕಾ ಕರೆದು ಕೂರಿಸಿದರು. ಬಿಳಿ ಐದನ್ನು ಸಾ ಅಂತ ಹಿಡಿದು, ಕರಿ ಐದು ಒತ್ತಿದರು. "ಇದು ಕೋಮಲ ಗಂಧಾರ. ನಿಂದು ಇಳೀವಲ್ದು ನೋಡು, ಇನ್ನಾ ಸ್ವಲ್ಪ ಇಳಸು." 3ನೇ ತೂತಿನಲ್ಲಿ ಅದು ಕೂತಾಗ ಪೇಟಿಯ ದನಿ, ನನ್ನ ದನಿ ಒಂದಾಗಿ, ಶ್ರುತಿ ಸೇರದಾಗ ಕೇಳುವ ಅಲೆ ನಿಂತುಹೋಯಿತು. ಕಾಕಾ ನಕ್ಕರು. "ನನ್ನ ಪೇಟಿಗೆ ಬರಲಾರದ ಮೀಂಡ್ ನಿನ್ನ ಡಬ್ಬಿಗೆ ಬರ್ತದಲ್ಲೋ!" ಅವರ ಹೊಟ್ಟೆಕಿಚ್ಚಿಗೆ ಅರ್ಥ ಇದೆ. ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಬರುವುದಿಲ್ಲ ಅನ್ನುವುದೂ ಒಂದು ಕಾರಣವಾಗಿ ಆಕಾಶವಾಣಿ 1940ರಿಂದ 1971ರವರೆಗೆ ಪೇಟಿಯನ್ನು ಹೊರಗಿಟ್ಟಿತ್ತು.

ಥಿಯರಿ ಅಂತ ಹೆದರಬೇಡಿ, ಅರ್ಧ ಇಲ್ಲೇ ಬಂತು. ಬ್ಲೂಸ್‌ನವರು ಸಿ ಹಾರ್ಪನ್ನು ಹೆಚ್ಚಾಗಿ ಸಿಯಲ್ಲಿ ನುಡಿಸುವುದಿಲ್ಲ, ಜಿಯಲ್ಲಿ, ಅಂದರೆ ಬಿಳಿ ಐದನ್ನು ಸಾ ಮಾಡಿಕೊಂಡು ನುಡಿಸುತ್ತಾರೆ. ಇದನ್ನು ಕ್ರಾಸ್ ಹಾರ್ಪ್ ಅನ್ನುತ್ತಾರೆ. 2ನೇ ತೂತು ಎಳೆದರೆ ಸಾ. 3ರ ಮೊದಲ ಬೆಂಡ್ ಕೋಮಲ ಗ. 4 ಊದಿದರೆ ಮ, 4ರ ಬೆಂಡ್ ತೀವ್ರ ಮ, 4 ಎಳೆದರೆ ಪ. 5 ಎಳೆದರೆ ಕೋಮಲ ನಿ, 6 ಊದಿದರೆ ಮೇಲಿನ ಸಾ. ಇಷ್ಟೇ ಬ್ಲೂಸ್ ಸ್ಕೇಲ್. ಹಾಡುವವರು ಎರಡು ಗಂಧಾರದ ನಡುವೆ ತೂಗಾಡುತ್ತಾರೆ. ಕಾಕಾಗೆ ಅದು ಎರಡೂ ಗಂಧಾರ ಇರುವ ಜೋಗ್ ರಾಗದಂತೆ ಕೇಳಿಸಿತು. ರಾಗ ಅಂದುಕೊಂಡರೆ ಮಾತ್ರ ಎಡವುತ್ತೀರಿ. ನಮ್ಮಲ್ಲಿ ತಂಬೂರಿಯ ಸಾ ಕದಲುವುದಿಲ್ಲ, ಬ್ಲೂಸ್‌ನಲ್ಲಿ ಕೆಳಗಿನ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಸರಿಯುತ್ತಾ ಹೋಗುತ್ತೆ. ನಾಲ್ಕು ಮಾತ್ರೆಗೊಂದು ಬಾರ್, ಹನ್ನೆರಡು ಬಾರ್‌ಗೆ ಒಂದು ಆವರ್ತ. ನಾಲ್ಕು ಬಾರ್ ಸಾ ಮೇಲೆ, ಎರಡು ಮ ಮೇಲೆ, ಮತ್ತೆ ಎರಡು ಸಾ, ಆಮೇಲೆ ಒಂದು ಪ, ಒಂದು ಮ, ಕೊನೆಗೆ ಎರಡು ಸಾ. ಒಂಬತ್ತನೇ ಬಾರ್‌ನಲ್ಲೂ ಸಾ ಹಿಡಿದು ಕೂತರೆ ಕಿವಿಗೆ ಚುಚ್ಚುತ್ತೆ. ಅಲ್ಲಿ 1 ಅಥವಾ 4 ಎಳೆಯಿರಿ.

ತಾಳಕ್ಕೆ ಸಾನಿ ಟೆರಿ ಅವರನ್ನು ಕೇಳಿ. ಕಣ್ಣು ಕಾಣದ ಬ್ಲೂಸ್ ಹಾರ್ಪ್ ಕಲಾವಿದರು, 1911ರಲ್ಲಿ ಹುಟ್ಟಿದವರು. ಗದಗಿನ ಪುಣ್ಯಾಶ್ರಮ ನೋಡಿದ ನಮಗೆ ಅದೇನೂ ಹೊಸದಲ್ಲ ಬಿಡಿ. 1, 2, 3 ಒಟ್ಟಿಗೆ ಎರಡು ಸಲ ಎಳೆದು ಎರಡು ಸಲ ಊದಿ, ನಿಧಾನಕ್ಕೆ ಶುರು ಮಾಡಿ ವೇಗ ಹೆಚ್ಚಿಸಿ. ಗಾಡಿ ಸ್ಟೇಷನ್ ಬಿಟ್ಟಂತೆ ಕೇಳಬೇಕು. ಹುಬ್ಬಳ್ಳಿಯ 1507 ಮೀಟರ್ ಪ್ಲಾಟ್‌ಫಾರ್ಮ್ ದಾಟುವವರೆಗೂ ಉಸಿರು ತಪ್ಪದಿದ್ದರೆ ನೀವು ನನಗಿಂತ ಮೇಲು.

ಇನ್ನು ಗುರುಗಳು. ಬ್ಲೂಸ್ ಕಲಿಸುವವರನ್ನು ಹುಡುಕೋದು ಸದ್ಯಕ್ಕೆ ಬಿಡಿ. ಮಲ್ಲಿಕಾರ್ಜುನ ಮನ್ಸೂರರು ಬಾಳಿದ ಊರಲ್ಲಿದ್ದೀರಿ, ಗಾಯನ ಕಲಿಸುವವರಿಗೆ ಬರವಿಲ್ಲ. ಮೂರು ತಿಂಗಳು ಸ್ವರ ಹಚ್ಚುವುದನ್ನು ಕಲಿತರೆ ನಿಮ್ಮ ಬೆಂಡ್ ಎಲ್ಲಿ ತಪ್ಪುತ್ತಿದೆ ಅಂತ ನಿಮಗೇ ಕೇಳಿಸುತ್ತೆ. ದಿನಕ್ಕೆ ಇಪ್ಪತ್ತು ನಿಮಿಷ ಜಾಸ್ತಿಯೇ ಆಯ್ತು. ಹಾಸ್ಟೆಲ್‌ನಲ್ಲಿ ಬೈಯುತ್ತಾರೆ ಅಂದಿರಲ್ಲ, ಸಾಧನಕೇರಿ ಕಡೆ ಹೋಗಿ. ನಾನು ಉಣಕಲ್ ಕೆರೆ ದಂಡೆಗೆ ಹೋಗುತ್ತೇನೆ. ಗಿರ್ಮಿಟ್ ತಿಂದ ಬಾಯಲ್ಲಿ ಮಾತ್ರ ನುಡಿಸಬೇಡಿ. 3ನೇ ತೂತಿನಲ್ಲಿ ಸೇವಿನ ಚೂರು ಸಿಕ್ಕಿಕೊಂಡು, ಸ್ಕ್ರೂ ಬಿಚ್ಚಿ ಸೂಜಿಯಿಂದ ತೆಗೆಯುವಷ್ಟರಲ್ಲಿ ನನಗೆ ಸಾಕಾಗಿಹೋಗಿತ್ತು.