ಬಟನ್ ಜಾಸ್ತಿ, ಬೆರಳಿಗೆ ಬೇಕಾದದ್ದು ನಾಲ್ಕೇ

ಪ್ರಶ್ನೆ: ಇಷ್ಟು ವರ್ಷ ನಿಕಾನ್ ಡಿ5600 ಬಳಸುತ್ತಿದ್ದೆ. ಈಗ ಸೆಕೆಂಡ್ ಹ್ಯಾಂಡ್ ನಿಕಾನ್ ಝಡ್6 ಮಾರ್ಕ್ 2 ತಗೊಂಡಿದ್ದೇನೆ, ಜೊತೆಗೆ 24-70 ಎಫ್4 ಲೆನ್ಸ್ ಇದೆ. ಬಟನ್, ಡಯಲ್, ಮೆನು ನೋಡಿದರೆ ತಲೆ ತಿರುಗುತ್ತದೆ. ಮ್ಯಾನುವಲ್ ಓದಲು ಕೂತರೆ ಮುಗಿಯುವುದೇ ಇಲ್ಲ. ಸದ್ಯಕ್ಕೆ ಆಟೊದಲ್ಲೇ ಇಟ್ಟಿದ್ದೇನೆ. ಮುಂದಿನ ತಿಂಗಳು ಅಕ್ಕನ ಮಗಳ ಮದುವೆ, ಫೋಟೊ ನಾನೇ ತೆಗೆಯಬೇಕು. ಎಲ್ಲಿಂದ ಶುರು ಮಾಡಲಿ?
— ಹಾಸನದ ಓದುಗರು

ಉತ್ತರ: ಮ್ಯಾನುವಲ್ ಮುಚ್ಚಿಡಿ. ಮೆನುವಿನಿಂದ ಕ್ಯಾಮೆರಾ ಕಲಿಯಲು ಹೊರಟವರು ಮದುವೆ ದಿನ ಮೆನುವಿನೊಳಗೇ ಇರುತ್ತಾರೆ. ಮೊದಲು ಬೆರಳು ಕಲಿಯಬೇಕು. ಒಂದು ತಿಂಗಳು ಇದೆಯಲ್ಲ, ಧಾರಾಳವಾಗಿ ಸಾಕು.

ನಿಮ್ಮ ಹಳೆಯ ಡಿ5600ರಲ್ಲಿ ಇದ್ದದ್ದು ಒಂದೇ ಡಯಲ್. ಎಲ್ಲವನ್ನೂ ನಾವೇ ಹೊಂದಿಸುವ ಎಂ ಮೋಡ್‌ನಲ್ಲಿ ಅದನ್ನು ತಿರುಗಿಸಿದರೆ ಶಟರ್ ವೇಗ (ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕು ಎಂಬುದು) ಬದಲಾಗುತ್ತಿತ್ತು. ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಬರುವ ಕಿಂಡಿಯ ಗಾತ್ರ, ಎಫ್4, ಎಫ್8 ಅಂತ ಬರೆಯುವುದು ಇದನ್ನೇ) ಬೇಕೆಂದರೆ ಪ್ಲಸ್-ಮೈನಸ್ ಬಟನ್ ಒತ್ತಿ ಹಿಡಿದು ಅದೇ ಡಯಲ್ ತಿರುಗಿಸಬೇಕಿತ್ತು. ಹೊಸ ಕ್ಯಾಮೆರಾದಲ್ಲಿ ಎರಡು ಡಯಲ್ ಇವೆ. ಹಿಂದಿನದು ಹೆಬ್ಬೆರಳಿಗೆ, ಅದು ಶಟರ್. ಮುಂದಿನದು ತೋರುಬೆರಳಿಗೆ, ಅದು ಅಪರ್ಚರ್. ನಿಮಗೆ ತೊಡಕಾಗುವುದು ಇಲ್ಲೇ. ಹಳೆಯ ಅಭ್ಯಾಸಕ್ಕೆ ಬೆರಳು ಪ್ಲಸ್-ಮೈನಸ್ ಬಟನ್ ಕಡೆಗೇ ಹೋಗುತ್ತದೆ. ಅದನ್ನು ಒತ್ತಿ ತಿರುಗಿಸಿದರೆ ಈಗ ಬದಲಾಗುವುದು ಎಕ್ಸ್‌ಪೋಶರ್ ಕಾಂಪೆನ್ಸೇಶನ್, ಅಂದರೆ ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ಏರಿಸಿ ಇಳಿಸುವ ಸೆಟ್ಟಿಂಗ್. ಅಪರ್ಚರ್ ಇದ್ದಲ್ಲೇ ಇರುತ್ತದೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಂಕಿ) ಆಟೊದಲ್ಲಿದ್ದರೆ ಫೋಟೊ ಮಾತ್ರ ಕಪ್ಪಾಗುತ್ತದೆ ಇಲ್ಲವೇ ಬೆಳ್ಳಗಾಗುತ್ತದೆ. ಈ ಅಭ್ಯಾಸ ಬಿಡಿಸುವುದೇ ಮೊದಲ ವಾರದ ಕೆಲಸ.

ನಿಮಗೆ ಬೇಕಾದದ್ದು ನಾಲ್ಕು: ಹಿಂದಿನ ಡಯಲ್, ಮುಂದಿನ ಡಯಲ್, ಶಟರ್ ಬಟನ್ ಹಿಂದೆ ಇರುವ ಪ್ಲಸ್-ಮೈನಸ್ ಬಟನ್, ಹೆಬ್ಬೆರಳ ಹತ್ತಿರದ ಪುಟ್ಟ ಜಾಯ್‌ಸ್ಟಿಕ್. ಸಂಜೆ ಸುಮ್ನೆ ಕೂತಿದ್ದಾಗ ಕ್ಯಾಮೆರಾ ಕೈಯಲ್ಲಿ ಹಿಡಿದು, ಕಣ್ಣಿಗೆ ಒತ್ತಿಕೊಂಡು, ಎಂ ಮೋಡ್‌ನಲ್ಲಿ ಇದನ್ನೇ ಮಾಡಿ. ಮನೆಯಲ್ಲಿ ಯಾರಾದರೂ "ಶಟರ್ ಜಾಸ್ತಿ", "ಅಪರ್ಚರ್ ಕಡಿಮೆ" ಅಂತ ಹೇಳುತ್ತಿರಲಿ. ಕಣ್ಣು ತೆಗೆಯದೆ ಬೆರಳು ಸರಿಯಾದ ಜಾಗಕ್ಕೆ ಹೋಗಬೇಕು. ನಿಮ್ಮ ಹೊಸ ಕ್ಯಾಮೆರಾ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ್ದು, ಅದರಲ್ಲಿ ಇದಕ್ಕೊಂದು ದೊಡ್ಡ ಅನುಕೂಲ ಇದೆ. ಐಎಸ್‌ಒ ಆಟೊದಲ್ಲಿ ಇಲ್ಲದಿದ್ದಾಗ, ಡಯಲ್ ತಿರುಗಿಸಿದ ಹಾಗೆ ಬೆಳಕು ಬದಲಾಗುವುದು ವ್ಯೂಫೈಂಡರ್‌ನಲ್ಲೇ ಕಾಣುತ್ತದೆ. ಡಿ5600ರಂಥ ಕನ್ನಡಿ ಇರುವ ಡಿಎಸ್‌ಎಲ್‌ಆರ್‌ನಲ್ಲಿ ಕ್ಲಿಕ್ ಮಾಡಿದ ಮೇಲೆ ಗೊತ್ತಾಗುತ್ತಿದ್ದದ್ದು ಇಲ್ಲಿ ಮೊದಲೇ ಗೊತ್ತಾಗುತ್ತದೆ. ಹಾಗಾಗಿ ಇದನ್ನು ಕಲಿಯುವುದು ಡಿಎಸ್‌ಎಲ್‌ಆರ್‌ಗಿಂತ ಸುಲಭ.

ಐಎಸ್‌ಒ ಬಗ್ಗೆ ಈಗ ತಲೆ ಕೆಡಿಸಿಕೊಳ್ಳಬೇಡಿ, ಆಟೊಗೆ ಬಿಡಿ. ಮೆನುವಿನ ಐಎಸ್‌ಒ ಸೆಟ್ಟಿಂಗ್ಸ್‌ನಲ್ಲಿ ಆಟೊ ಆನ್ ಮಾಡಿ, ಗರಿಷ್ಠ ಮಿತಿ 12800 ಇಡಿ. ಇಷ್ಟು ದೊಡ್ಡ ನಂಬರ್ ನೋಡಿ ಹೆದರಬೇಡಿ. ಈ ಸೆನ್ಸರ್ ಸುಮಾರು 36×24 ಮಿಲಿಮೀಟರ್, ಹಳೆಯದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ. ಸ್ವಲ್ಪ ನಾಯ್ಸ್ (ಕಾಳುಕಾಳು ಚುಕ್ಕೆ) ಬಂದರೂ ಫೋಟೊ ಉಳಿಯುತ್ತದೆ. ಕೈ ಅಲುಗಿ, ಮುಖ ಮಸುಕಾದ ಫೋಟೊವನ್ನು ಯಾವ ಸಾಫ್ಟ್‌ವೇರ್ ಸರಿಮಾಡುತ್ತದೆ?

ಈಗ ಮಂಟಪಕ್ಕೆ ಬರೋಣ. ಅಂತರಪಟ ಸರಿಯುತ್ತದೆ, ಹುಡುಗ ಹುಡುಗಿ ಒಬ್ಬರ ತಲೆ ಮೇಲೆ ಒಬ್ಬರು ಜೀರಿಗೆ-ಬೆಲ್ಲ ಇಡುತ್ತಾರೆ, ಸುತ್ತಲಿಂದ ಅಕ್ಷತೆ ಬೀಳುತ್ತದೆ. ಎಲ್ಲ ಕ್ಷಣದಲ್ಲಿ ಮುಗಿಯುತ್ತದೆ, ಇನ್ನೊಂದು ಸಲ ಮಾಡಿ ಅಂತ ಯಾರಿಗೂ ಹೇಳುವ ಹಾಗಿಲ್ಲ. ಪಟ ಹಿಡಿದಿರುವಾಗಲೇ ಎಂ ಮೋಡ್, ಎಫ್4, ಶಟರ್ 1/200 ಇರಲಿ. ಅಕ್ಷತೆ ಕಾಳು ಗಾಳಿಯಲ್ಲಿ ನಿಂತ ಹಾಗೆ ಕಾಣಬೇಕಾದರೆ ಹೆಬ್ಬೆರಳಿನಿಂದ 1/500ಕ್ಕೆ ತನ್ನಿ, ಐಎಸ್‌ಒ ತಾನೇ ಏರಿಕೊಳ್ಳುತ್ತದೆ. ಹುಡುಗನದ್ದು ಬಿಳಿ ಪಂಚೆ, ಬಿಳಿ ಶಲ್ಯ ಅಲ್ವಾ? ಫ್ರೇಮ್ ತುಂಬ ಬಿಳಿ ಇದ್ದರೆ ಕ್ಯಾಮೆರಾ ಬೆಳಕು ಜಾಸ್ತಿ ಇದೆ ಎಂದುಕೊಂಡು ಫೋಟೊವನ್ನು ಮಂಕು ಮಾಡುತ್ತದೆ. ಆಗ ಪ್ಲಸ್-ಮೈನಸ್ ಒತ್ತಿ +0.7ಕ್ಕೆ ಏರಿಸಿ. ಮಂಟಪದ ಹಿಂದಿನ ಬಟ್ಟೆ ಪರದೆ ಕಡುಬಣ್ಣದ್ದಾಗಿ ಮುಖ ಬೆಳ್ಳಗೆ ಹೊಡೆದರೆ ಮೈನಸ್ ಕಡೆ ಇಳಿಸಿ.

ಫೋಕಸ್‌ಗೆ ಎಎಫ್-ಸಿ (ಅಲುಗುವವರನ್ನು ಬಿಡದೆ ಹಿಂಬಾಲಿಸುವ ಫೋಕಸ್) ಇಡಿ. ಏರಿಯಾ ಆಯ್ಕೆಯಲ್ಲಿ ಆಟೊ ಏರಿಯಾ ಬೇಡ. ಮಂಟಪದಲ್ಲಿ ಪುರೋಹಿತರು, ಸೋದರಮಾವ, ಹಿಂದೆ ನಿಂತ ಅತ್ತೆ, ಚಿಕ್ಕಮ್ಮ ಎಲ್ಲರ ಮುಖವೂ ಇರುತ್ತದೆ, ಕ್ಯಾಮೆರಾ ಯಾರದ್ದಾದರೂ ಕಣ್ಣು ಹಿಡಿದುಕೊಂಡುಬಿಡುತ್ತದೆ. ನಿಮ್ಮ ಮಾಡೆಲ್‌ನಲ್ಲಿ ವೈಡ್ ಏರಿಯಾ ಎಲ್-ಪೀಪಲ್ ಅಂತ ಒಂದು ಆಯ್ಕೆ ಇದೆ. ಒಂದು ಚೌಕ ಬರುತ್ತದೆ, ಆ ಚೌಕದೊಳಗಿನ ಮುಖ, ಕಣ್ಣನ್ನಷ್ಟೇ ಅದು ಹುಡುಕುತ್ತದೆ. ಜಾಯ್‌ಸ್ಟಿಕ್‌ನಿಂದ ಚೌಕವನ್ನು ಹುಡುಗಿಯ ಮುಖದ ಮೇಲೆ ತನ್ನಿ, ಸಾಕು. ಚೌಕ ಎಲ್ಲೋ ಮೂಲೆಯಲ್ಲಿ ಉಳಿದುಹೋಗುವುದು ಮಾಮೂಲು. ಜಾಯ್‌ಸ್ಟಿಕ್ ಒತ್ತಿದರೆ ಮಧ್ಯಕ್ಕೆ ಬರುವಂತೆ ಕಸ್ಟಮ್ ಕಂಟ್ರೋಲ್ಸ್‌ನಲ್ಲಿ ಹೊಂದಿಸಿಕೊಳ್ಳಿ.

ಹಿಂದಿನ ಎಎಫ್-ಆನ್ ಬಟನ್‌ನಿಂದ ಫೋಕಸ್ ಮಾಡಿ ಅಂತ ನಿಮಗೆ ಬಹಳ ಜನ ಹೇಳುತ್ತಾರೆ. ಒಳ್ಳೆಯ ಪದ್ಧತಿಯೇ, ಹಕ್ಕಿ ಫೋಟೊ ತೆಗೆಯುವವರಿಗೆ ಬಹಳ ಉಪಯೋಗ. ಆದರೆ ನಿಮಗೆ ಈಗ ಬೇಡ ಎಂದೇ ನನ್ನ ಅಭಿಪ್ರಾಯ. ಹೆಬ್ಬೆರಳಿಗೆ ಆಗಲೇ ಡಯಲ್, ಜಾಯ್‌ಸ್ಟಿಕ್ ಎರಡು ಕೆಲಸ ಕೊಟ್ಟಿದ್ದೀರಿ. ಕಣ್ಣನ್ನು ಕ್ಯಾಮೆರಾ ಹಿಂಬಾಲಿಸುತ್ತಿರುವಾಗ ಶಟರ್ ಬಟನ್ ಅರ್ಧ ಒತ್ತಿದರೆ ಸಾಕಾಗುತ್ತದೆ. ಮದುವೆ ಮುಗಿದ ಮೇಲೆ ನಿಧಾನವಾಗಿ ಕಲಿಯಿರಿ.

ಇಷ್ಟೆಲ್ಲ ಹೊಂದಿಸಿದ ಮೇಲೆ ಸೆಟಪ್ ಮೆನುವಿನ ಸೇವ್ ಯೂಸರ್ ಸೆಟ್ಟಿಂಗ್ಸ್‌ಗೆ ಹೋಗಿ, ಮೋಡ್ ಡಯಲ್ ಮೇಲಿರುವ ಯು1ರಲ್ಲಿ ಉಳಿಸಿ. ಛತ್ರದ ಹೊರಗೆ ಬಿಸಿಲಿನಲ್ಲಿ ತೆಗೆಯುವ ಗುಂಪು ಫೋಟೊಗಳಿಗೆ ಎ ಮೋಡ್ (ಅಪರ್ಚರ್ ನಿಮ್ಮದು, ಶಟರ್ ಕ್ಯಾಮೆರಾದ್ದು), ಎಫ್8 ಹೊಂದಿಸಿ ಯು2ರಲ್ಲಿ ಉಳಿಸಿ. ಎಡಗಡೆಯ ಮೋಡ್ ಡಯಲ್‌ನ ನಡುವಿನ ಬಟನ್ ಒತ್ತಿ ಹಿಡಿದರೆ ಮಾತ್ರ ಅದು ತಿರುಗುತ್ತದೆ, ಗೊತ್ತಿರಲಿ. ಗಡಿಬಿಡಿಯಲ್ಲಿ ಸೆಟ್ಟಿಂಗ್ ಏನೇನೋ ಆಗಿಹೋದರೆ ಡಯಲ್ ಆಚೆ ತಿರುಗಿಸಿ ಮತ್ತೆ ಯು1ಗೆ ತನ್ನಿ, ಉಳಿಸಿದ್ದೆಲ್ಲ ವಾಪಸ್ ಬರುತ್ತದೆ.

ಎರಡು ಎಚ್ಚರಿಕೆ. ನಮ್ಮ ಕರೆಂಟು 50 ಹರ್ಟ್ಸ್, ಛತ್ರದ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ವೇಗದ ಶಟರ್‌ನಲ್ಲಿ ಒಂದು ಫೋಟೊ ಸರಿ, ಮುಂದಿನದು ಮಂಕು ಅಂತ ಆಗಬಹುದು. ಫ್ಲಿಕರ್ ರಿಡಕ್ಷನ್ ಆನ್ ಮಾಡಿ. ಹಾಗೂ ಸರಿಹೋಗದಿದ್ದರೆ 1/100ಕ್ಕೆ ಇಳಿಯಿರಿ. ಸೈಲೆಂಟ್ ಫೋಟೊಗ್ರಫಿ ಮಾತ್ರ ಆಫ್ ಇರಲೇಬೇಕು, ಇಲ್ಲದಿದ್ದರೆ ಎಲ್‌ಇಡಿ ಬೆಳಕಿನಲ್ಲಿ ಫೋಟೊ ತುಂಬ ಅಡ್ಡ ಪಟ್ಟೆ ಬೀಳಬಹುದು. ಇನ್ನೊಂದು, ಡಿ5600ರ ಡಿಎಕ್ಸ್ (ಚಿಕ್ಕ ಸೆನ್ಸರ್‌ಗೆ ಮಾಡಿದ) ಲೆನ್ಸ್‌ಗಳನ್ನು, ಹಳೆಯ ಲೆನ್ಸ್ ಹೊಸ ಕ್ಯಾಮೆರಾಗೆ ಕೂರಿಸುವ ಎಫ್‌ಟಿಝಡ್ ಅಡಾಪ್ಟರ್ ಹಾಕಿ ಬಳಸುವ ಯೋಚನೆ ಇದ್ದರೆ, ಕ್ಯಾಮೆರಾ ತಾನೇ ಫೋಟೊದ ಅಂಚು ಕ್ರಾಪ್ ಮಾಡಿಕೊಳ್ಳುತ್ತದೆ. 24 ಮೆಗಾಪಿಕ್ಸೆಲ್ ಹೋಗಿ ಸುಮಾರು 10 ಉಳಿಯುತ್ತದೆ. ಅದರ ಬದಲು 50 ಎಂಎಂ ಎಫ್1.8 ಝಡ್ ಲೆನ್ಸ್ ಬಾಡಿಗೆಗೆ ಸಿಕ್ಕರೆ ತನ್ನಿ, ಎಫ್4ಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ಬೆಳಕು ಒಳಗೆ ಬರುತ್ತದೆ.

ಪ್ರಶ್ನೆ: ನನ್ನದು ಸೋನಿ ಎ7 ಮಾರ್ಕ್ 3. ನಿನ್ನೆವರೆಗೂ ಚೆನ್ನಾಗಿತ್ತು, ಇವತ್ತು ಬ್ಯಾಗಿನಿಂದ ತೆಗೆದರೆ ಎಲ್ಲ ಫೋಟೊ ಕಪ್ಪು. ರಿಪೇರಿಗೆ ಕೊಡಬೇಕಾ?
— ಶಿವಮೊಗ್ಗದ ಓದುಗರು

ಉತ್ತರ: ಅದಕ್ಕೆ ಮೊದಲು ಮೇಲೆ ಬಲ ಮೂಲೆಯಲ್ಲಿರುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಡಯಲ್ ನೋಡಿ, ಮೈನಸ್ 3ರಿಂದ ಪ್ಲಸ್ 3ರವರೆಗೆ ಬರೆದಿರುತ್ತದೆ. ಬಹುಶಃ ಅದು ಮೈನಸ್ ಕಡೆ ನಿಂತಿದೆ. ಈ ಮಾಡೆಲ್‌ನಲ್ಲಿ ಆ ಡಯಲ್‌ಗೆ ಲಾಕ್ ಇಲ್ಲ, ಬ್ಯಾಗಿನಲ್ಲಿ ಉಜ್ಜಿ ತಿರುಗಿಬಿಡುತ್ತದೆ. ಸೊನ್ನೆಗೆ ತನ್ನಿ. ಮುಂದಿನ ಎ7 ಮಾರ್ಕ್ 4ರಲ್ಲಿ ಲಾಕ್ ಕೊಟ್ಟಿದ್ದಾರೆ. ನೀವು ಮಾತ್ರ ಬ್ಯಾಗಿನಿಂದ ತೆಗೆದ ತಕ್ಷಣ ಒಮ್ಮೆ ಅಲ್ಲಿ ಕಣ್ಣು ಹಾಯಿಸಿ.

ಪ್ರಶ್ನೆ: ಅದೇ ಎ7 ಮಾರ್ಕ್ 3ರಲ್ಲಿ ಸ್ಟುಡಿಯೊ ಫ್ಲ್ಯಾಶ್ ಬಳಸಿ ಸೀರೆಗಳ ಫೋಟೊ ತೆಗೆಯುತ್ತೇನೆ. ಫೋಟೊ ಸರಿ ಬರುತ್ತದೆ, ಆದರೆ ವ್ಯೂಫೈಂಡರ್‌ನಲ್ಲಿ ಬರೀ ಕತ್ತಲು. ಫ್ರೇಮ್ ಮಾಡುವುದೇ ಕಷ್ಟ.
— ಮೈಸೂರಿನ ಓದುಗರು

ಉತ್ತರ: ಕ್ಯಾಮೆರಾ ಸರಿಯಾಗಿಯೇ ಇದೆ. ನೀವು ಇಟ್ಟ ಸೆಟ್ಟಿಂಗ್‌ನಲ್ಲಿ ಫ್ಲ್ಯಾಶ್ ಇಲ್ಲದೆ ಕೋಣೆ ಎಷ್ಟು ಕಾಣುತ್ತದೋ ಅಷ್ಟನ್ನೇ ಅದು ತೋರಿಸುತ್ತಿದೆ. ಮೆನುವಿನಲ್ಲಿ ಲೈವ್ ವ್ಯೂ ಡಿಸ್‌ಪ್ಲೇ ಹುಡುಕಿ, ಸೆಟ್ಟಿಂಗ್ ಎಫೆಕ್ಟ್ ಆಫ್ ಮಾಡಿ. ಹೊರಗೆ ಹೋದಾಗ ಮತ್ತೆ ಆನ್ ಬೇಕಾಗುತ್ತದೆ, ಹಾಗಾಗಿ ಇದನ್ನು ಸಿ3 ಬಟನ್‌ಗೆ ಹಾಕಿಕೊಳ್ಳಿ. ಫ್ಲ್ಯಾಶ್ ಬಳಸುವಾಗ ಶಟರ್ 1/250 ದಾಟಿಸಬೇಡಿ. ದಾಟಿದರೆ ಸೀರೆಯ ಒಂದು ಅಂಚಿಗೆ ಕಪ್ಪು ಪಟ್ಟಿ ಬೀಳುತ್ತದೆ.