4294967297 ಅವಿಭಾಜ್ಯ ಸಂಖ್ಯೆಯೇ? ಕಂಪ್ಯೂಟರ್ ಇಲ್ಲದೆ ತಿಳಿಯುವುದು ಹೇಗೆ?

ಅವಿಭಾಜ್ಯ ಅಲ್ಲ. 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಭಾಗಲಬ್ಧ 6700417.

ನೂರರೊಳಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಿದರೂ ಇದು ಯಾವುದರಿಂದಲೂ ಭಾಗವಾಗುವುದಿಲ್ಲ. ಹಾಗೇ ಮುಂದುವರಿದರೆ ವರ್ಗಮೂಲದವರೆಗೆ, ಅಂದರೆ ಸುಮಾರು 65536ರವರೆಗೆ, 6542 ಅವಿಭಾಜ್ಯಗಳನ್ನು ಪರೀಕ್ಷಿಸಬೇಕು. ಅಷ್ಟು ಕಷ್ಟ ಬೇಡ. ಇದು 2ರ 32ನೇ ಘಾತಕ್ಕೆ 1 ಕೂಡಿಸಿದ ಸಂಖ್ಯೆ ಅನ್ನುವುದನ್ನು ಗಮನಿಸಿ. ಆಮೇಲಿನದೆಲ್ಲ ಅದರಿಂದಲೇ ಬರುತ್ತದೆ.

2ರ 1, 2, 4, 8, 16ನೇ ಘಾತಗಳಿಗೆ 1 ಕೂಡಿಸಿದರೆ ಬರುವ 3, 5, 17, 257, 65537 ಇದೇ ಕುಟುಂಬದವು, ಐದೂ ಅವಿಭಾಜ್ಯ. ಆರನೆಯದಾದ 4294967297 ಕೂಡ ಹಾಗೇ ಇರಬೇಕೆಂದು 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು ಭಾಗಿಸುವ 641 ಅನ್ನು ತೋರಿಸಿದರು.

4294967297ರ ಅಪವರ್ತನ, ಅಂದರೆ ಅದನ್ನು ನಿಶ್ಶೇಷವಾಗಿ ಭಾಗಿಸುವ 1ಕ್ಕಿಂತ ದೊಡ್ಡ ಸಂಖ್ಯೆ, p ಎಂದಿಟ್ಟುಕೊಳ್ಳಿ. p ಇಂದ ಭಾಗಿಸಿದಾಗ 2ರ 32ನೇ ಘಾತ −1 ಶೇಷ ಕೊಡುತ್ತದೆ, 64ನೇ ಘಾತ 1 ಕೊಡುತ್ತದೆ, ಅದಕ್ಕಿಂತ ಮೊದಲಿನ ಯಾವ ಘಾತವೂ 1 ಕೊಡುವುದಿಲ್ಲ. p ಅವಿಭಾಜ್ಯವಾಗಿದ್ದರೆ, ಫರ್ಮಾರ ಕಿರು ಪ್ರಮೇಯದ ಪ್ರಕಾರ 2ರ (p−1)ನೇ ಘಾತವೂ ಶೇಷ 1 ಕೊಡುತ್ತದೆ, ಹಾಗಾಗಿ p−1 ಅನ್ನು 64 ಭಾಗಿಸಲೇಬೇಕು. 64ರ ಗುಣಕಕ್ಕೆ 1 ಕೂಡಿಸಿದರೆ ಸಿಗುವ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಇವುಗಳಲ್ಲಿ 257 ಅನ್ನೂ ಬಿಡಬಹುದು: ಕುಟುಂಬದ ಮೊದಲ ಐದು ಸಂಖ್ಯೆಗಳಾದ 3, 5, 17, 257, 65537ರ ಗುಣಲಬ್ಧ 4294967295, ನಿಮ್ಮ ಸಂಖ್ಯೆಗಿಂತ ಸರಿಯಾಗಿ 2 ಕಡಿಮೆ, ಆದ್ದರಿಂದ ಶೇಷ 2 ಉಳಿದೇ ಉಳಿಯುತ್ತದೆ. ಅಂದರೆ ನಾಲ್ಕನೇ ಭಾಗಾಕಾರಕ್ಕೇ ಉತ್ತರ! ಎಷ್ಟು ಸಲ ನೋಡಿದರೂ ನನಗೆ ಇದು ರೋಮಾಂಚನವೇ.

641 ಸಿಕ್ಕ ಮೇಲೆ ಆ ಉದ್ದದ ಭಾಗಾಕಾರವನ್ನೂ ಮಾಡಬೇಕಿಲ್ಲ. 641 = 5×128 + 1. ಅದೇ 641 = 625 + 16, ಅಂದರೆ 5ರ 4ನೇ ಘಾತ ಕೂಡಿಸು 2ರ 4ನೇ ಘಾತ. ಮೊದಲನೆಯದರ ಪ್ರಕಾರ 5×2⁷ಕ್ಕೆ ಶೇಷ −1. ನಾಲ್ಕನೇ ಘಾತಕ್ಕೇರಿಸಿದರೆ 5⁴×2²⁸ಕ್ಕೆ ಶೇಷ 1. ಎರಡನೆಯದರ ಪ್ರಕಾರ 5⁴ರ ಜಾಗದಲ್ಲಿ −2⁴ ಹಾಕಬಹುದು, ಆಗ −2³²ಕ್ಕೆ ಶೇಷ 1. ಹಾಗಿದ್ದರೆ 2³² + 1ಕ್ಕೆ ಶೇಷ ಸೊನ್ನೆ. ಪೆನ್ನು ಕಾಗದವೂ ಬೇಡ, ಬಾಯಲ್ಲೇ ಹೇಳಿಬಿಡಬಹುದು.

ಒಂದು ಎಚ್ಚರಿಕೆ. ಫರ್ಮಾರ ಕಿರು ಪ್ರಮೇಯ ಬಳಸಿ, ಅಂದರೆ ಒಂದು ಆಧಾರ ಸಂಖ್ಯೆಯನ್ನು (ಸಂಖ್ಯೆ − 1)ನೇ ಘಾತಕ್ಕೇರಿಸಿದಾಗ ಶೇಷ 1 ಬರುತ್ತದೆಯೇ ಎಂದು ನೋಡಿ, ಅವಿಭಾಜ್ಯವೇ ಎಂದು ಪರೀಕ್ಷಿಸುವಾಗ ಎಲ್ಲರೂ ಮೊದಲು 2 ಅನ್ನೇ ಆಧಾರವಾಗಿ ಹಿಡಿಯುತ್ತೇವೆ. ಈ ಸಂಖ್ಯೆಯ ಮಟ್ಟಿಗೆ ಆ ಪರೀಕ್ಷೆ ನೆಚ್ಚುವಂಥದ್ದಲ್ಲ: 2ರ 64ನೇ ಘಾತವೇ ಶೇಷ 1 ಕೊಡುವುದರಿಂದ, ಮತ್ತು ಇಲ್ಲಿ ಸಂಖ್ಯೆ − 1 ಅಂದರೆ 2³² 64ರ ಗುಣಕವೇ ಆದ್ದರಿಂದ, ಸಂಖ್ಯೆ ಸುಲಭವಾಗಿ ಪಾಸಾಗಿಬಿಡುತ್ತದೆ. 3 ಅನ್ನು ಆಧಾರವಾಗಿಟ್ಟು ನೋಡಿ, ಅಲ್ಲಿ ಸಿಕ್ಕಿಬೀಳುತ್ತದೆ.