ಹೈಸ್ಕೂಲ್ ಸೀನಿಯರ್ ಫೋಟೋ: ಓದುಗರು ಕೇಳಿದ್ದು, ನಾವು ಹೇಳುವುದು

ಅಮೆರಿಕದಲ್ಲಿ ಹನ್ನೆರಡನೇ ತರಗತಿಗೆ ಕಾಲಿಡುವ ಮಕ್ಕಳಿಗೆ ಸೀನಿಯರ್ ಫೋಟೋ ತೆಗೆಸುವುದು ರೂಢಿ. ಕರ್ನಾಟಕದಲ್ಲಿ ಓದಿ ಅಲ್ಲಿ ನೆಲೆಸಿದ ಅಪ್ಪ ಅಮ್ಮಂದಿರಿಗೆ ಶಾಲೆ ಎಂದರೆ ವರ್ಷಕ್ಕೊಂದು ಗ್ರೂಪ್ ಫೋಟೋ, ಅಷ್ಟೇ. ಹಾಗಾಗಿ ಜೂನ್ ಬಂತೆಂದರೆ ಈ ಬಗ್ಗೆ ಪತ್ರಗಳು ಶುರುವಾಗುತ್ತವೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಶಾಲೆಯ ಸ್ಟುಡಿಯೋದಿಂದ ಮಗಳಿಗೆ ಫೋಟೋ ತಾರೀಖು ಬಂದಿದೆ. ಅವಳ ಗೆಳತಿಯರೆಲ್ಲ ಬೇರೆ ಫೋಟೋಗ್ರಾಫರ್ ಹತ್ತಿರವೂ ತೆಗೆಸುತ್ತಿದ್ದಾರೆ. ಎರಡೂ ಬೇಕಾ? ಯಾವಾಗ ತೆಗೆಸಬೇಕು? (ಪ್ಲೇನೋ, ಟೆಕ್ಸಸ್)

ಎರಡರ ಉದ್ದೇಶವೇ ಬೇರೆ. ಶಾಲೆ ಗೊತ್ತುಮಾಡಿದ ಸ್ಟುಡಿಯೋ ತೆಗೆಯುವುದು ಇಯರ್‌ಬುಕ್‌ಗಾಗಿ, ಅಂದರೆ ಶಾಲೆ ವರ್ಷಕ್ಕೊಮ್ಮೆ ಅಚ್ಚು ಹಾಕಿಸುವ ವಿದ್ಯಾರ್ಥಿಗಳ ಫೋಟೋ ಪುಸ್ತಕಕ್ಕಾಗಿ: ತಲೆಯಿಂದ ಭುಜದವರೆಗೆ, ಸಾದಾ ಹಿನ್ನೆಲೆ. ಬಹಳ ಕಡೆ ಹುಡುಗಿಯರಿಗೆ ಭುಜದ ಮೇಲೆ ಕಪ್ಪು ಬಟ್ಟೆ ಹೊದಿಸುತ್ತಾರೆ, ಹುಡುಗರಿಗೆ ಕೋಟು ಮತ್ತು ಬೋ ಟೈ. ಅದನ್ನು ಸ್ಟುಡಿಯೋದವರೇ ಕೊಡುತ್ತಾರೆ. ಪುಟದಲ್ಲಿ ಎಲ್ಲರೂ ಒಂದೇ ತೆರನಾಗಿ ಕಾಣಲಿ ಎಂದು ಈ ಏರ್ಪಾಟು. ಹೊರಗಿನ ಫೋಟೋಗ್ರಾಫರ್ ತೆಗೆಯುವುದು ನಿಮ್ಮ ಮನೆಗೆ, ನೆಂಟರಿಗೆ, ಗ್ರಾಜುಯೇಷನ್ ಸುದ್ದಿ ತಿಳಿಸಲು ಕಳಿಸುವ ಕಾರ್ಡಿಗೆ.

ಮೊದಲು ಇಯರ್‌ಬುಕ್ ನೋಡಿಕೊಳ್ಳುವ ಟೀಚರ್‌ಗೆ ಈಮೇಲ್ ಮಾಡಿ ಮೂರು ವಿಷಯ ಕೇಳಿ. ಹೊರಗಿನ ಫೋಟೋ ಒಪ್ಪುತ್ತಾರಾ? ಒಪ್ಪುವುದಾದರೆ ಅಳತೆ, ಹಿನ್ನೆಲೆ ಹೇಗಿರಬೇಕು? ಕೊನೆಯ ದಿನ ಯಾವುದು? ಆ ದಿನ ಸಾಮಾನ್ಯವಾಗಿ ಸೆಪ್ಟೆಂಬರ್ ಮತ್ತು ನವೆಂಬರ್ ನಡುವೆ ಬರುತ್ತದೆ. ತಪ್ಪಿಸಿಕೊಂಡರೆ ಮಗುವಿನ ಹೆಸರು ಫೋಟೋ ಇಲ್ಲದವರ ಪಟ್ಟಿಗೆ ಸೇರುತ್ತದೆ, ಪುಸ್ತಕ ಅಚ್ಚಾದ ಮೇಲೆ ಅದನ್ನು ತಿದ್ದಲು ಬರುವುದಿಲ್ಲ. ಸ್ಟುಡಿಯೋದವರು ಆಮೇಲೆ ಕಳಿಸುವ ದೊಡ್ಡ ಪ್ಯಾಕೇಜನ್ನು ಕೊಳ್ಳಲೇಬೇಕೆಂದು ಬಹುತೇಕ ಕಡೆ ಕಡ್ಡಾಯವಿಲ್ಲ. ಕೊಳ್ಳದಿದ್ದರೂ ಇಯರ್‌ಬುಕ್‌ನಲ್ಲಿ ಫೋಟೋ ಬರುತ್ತದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ನಿಮ್ಮದೇ ಫೋಟೋಗೆ ದಿನವನ್ನು ಹಿಂದಿನಿಂದ ಲೆಕ್ಕ ಹಾಕಿ. ಗ್ರಾಜುಯೇಷನ್ ಮೇ ಕೊನೆಗೆ ಎಂದುಕೊಳ್ಳಿ. ಕಾರ್ಡು ಎರಡರಿಂದ ನಾಲ್ಕು ವಾರ ಮೊದಲೇ ಅಂಚೆಗೆ ಬೀಳಬೇಕು, ಅಚ್ಚಿಗೆ ಎರಡು ವಾರ, ಎಡಿಟಿಂಗ್‌ಗೆ ಮೂರರಿಂದ ನಾಲ್ಕು ವಾರ. ಅಂದರೆ ಮಾರ್ಚ್ ಮಧ್ಯವೇ ಕೊನೆಯ ಗಡುವು. ನಿಮ್ಮ ಕಡೆ ಬ್ಲೂಬಾನೆಟ್ ಹೂವು ಅರಳುವುದು ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ. ಆ ಹೂವಿನ ನಡುವೆಯೇ ಬೇಕೆಂದರೆ ಬೇಗ ಎಡಿಟ್ ಮಾಡಿ ಕೊಡುವುದಾಗಿ ಫೋಟೋಗ್ರಾಫರ್‌ರಿಂದ ಮೊದಲೇ ಬರೆಸಿಕೊಳ್ಳಿ. ಆಗಸ್ಟ್‌ನಲ್ಲಿ ತೆಗೆಸುವುದಾದರೆ ಸಂಜೆ ಬೇಡ. ಟೆಕ್ಸಸ್ ಬಿಸಿಲಿಗೆ ಮುಖ ಹತ್ತೇ ನಿಮಿಷಕ್ಕೆ ಬೆವರಿ ಮಿನುಗುತ್ತದೆ. ಸೂರ್ಯ ಹುಟ್ಟಿದ ಮೊದಲ ಗಂಟೆಗೆ ಇಟ್ಟುಕೊಳ್ಳಿ. ಅಕ್ಟೋಬರ್‌ನ ಶನಿವಾರ, ಭಾನುವಾರಗಳು ಎಲ್ಲಕ್ಕಿಂತ ಮೊದಲು ತುಂಬುತ್ತವೆ, ಎರಡು ಮೂರು ತಿಂಗಳು ಮುಂಚೆ ಹೇಳಿಡಿ.

ಒಂದೂವರೆ ಗಂಟೆಯ ಸೆಷನ್, ಆಗಸ್ಟ್ ಕೊನೆಗೆ. ಅಜ್ಜಿ ಕೊಟ್ಟ ಮೈಸೂರು ರೇಷ್ಮೆ ಸೀರೆ, ಜೀನ್ಸ್, ಭರತನಾಟ್ಯದ ಉಡುಪು, ಮೂರೂ ಆಗಬೇಕು ಅಂತ ಮಗಳ ಆಸೆ. ಸಾಧ್ಯವೇ? (ಎಡಿಸನ್, ನ್ಯೂಜೆರ್ಸಿ)

ಭರತನಾಟ್ಯವನ್ನು ಅಂದು ಕೈಬಿಡಿ. ಅದರ ಮೇಕಪ್, ಜಡೆ, ತಲೆಸಾಮಾನಿಗೇ ಎರಡು ಗಂಟೆ ಹಿಡಿಯುತ್ತದೆ, ಆ ದಪ್ಪ ಕಾಡಿಗೆ ಜೀನ್ಸಿಗೆ ಹೊಂದುವುದಿಲ್ಲ. ಕಾರ್ಯಕ್ರಮ ಇರುವ ದಿನ ಹೇಗೂ ಅಲಂಕಾರ ಆಗಿರುತ್ತದೆ. ಅಂದು ಅರ್ಧ ಗಂಟೆ ಮುಂಚೆ ಸಿದ್ಧವಾದರೆ ಅದರ ಫೋಟೋ ಚೆನ್ನಾಗಿ ಬರುತ್ತದೆ.

ಉಳಿದೆರಡರಲ್ಲಿ ಸೀರೆಯೇ ಮೊದಲು. ಮನೆಯಲ್ಲಿ ಉಟ್ಟು, ಪಿನ್ ಹಾಕಿ, ತಯಾರಾಗಿಯೇ ಹೊರಡಿ. ಸೀರೆ ಬಿಚ್ಚಿ ಜೀನ್ಸ್ ಹಾಕಿಕೊಳ್ಳಲು ಐದು ನಿಮಿಷ ಸಾಕು. ಪಾರ್ಕಿನ ಶೌಚಾಲಯದಲ್ಲಿ ಸೀರೆ ಉಡಿಸಲು ಹೋದರೆ ಅರ್ಧ ಗಂಟೆ ಹೋಯಿತು, ನೆರಿಗೆಯೂ ಸರಿಬರಲಿಲ್ಲ ಎನ್ನುವ ಹಾಗಾಗುತ್ತದೆ. ಬೆಳಕಿನ ದೃಷ್ಟಿಯಿಂದಲೂ ಇದೇ ಸರಿ. ಆಗಸ್ಟ್ ಕೊನೆಗೆ ನಿಮ್ಮಲ್ಲಿ ಸೂರ್ಯಾಸ್ತ ಸುಮಾರು 7:30ಕ್ಕೆ. ಆರು ಗಂಟೆಗೆ ಶುರುಮಾಡಿ ಸೀರೆಯ ಫೋಟೋಗಳನ್ನು ಮರದ ಅಥವಾ ಕಟ್ಟಡದ ನೆರಳಿನಲ್ಲಿ ಮುಗಿಸಿ. ನೇರ ಬಿಸಿಲು ಅಥವಾ ಎದುರಿನ ಫ್ಲ್ಯಾಷ್ ಬಿದ್ದರೆ ಜರಿ ಬರೀ ಬಿಳಿ ಪಟ್ಟಿಯಾಗುತ್ತದೆ. ನೆರಳಿನಲ್ಲಿ ಪಕ್ಕದಿಂದ ಬರುವ ಬೆಳಕಿಗೆ ಅದರ ಚಿನ್ನದ ಬಣ್ಣ, ರೇಷ್ಮೆಯ ಜಾರು ಎರಡೂ ಕಾಣುತ್ತವೆ. ಕೊನೆಯ ನಲವತ್ತು ನಿಮಿಷದ ಹೊಂಬಿಸಿಲು ಜೀನ್ಸಿಗೆ ಇರಲಿ.

ಅಂದು ಹಾಕುವ ಚಪ್ಪಲಿಯನ್ನು ಮೆಟ್ಟಿಕೊಂಡೇ ಸೀರೆ ಉಡಿಸಿ, ಇಲ್ಲದಿದ್ದರೆ ಅಂಚು ನೆಲ ಗುಡಿಸುತ್ತದೆ ಅಥವಾ ಮೇಲೇರುತ್ತದೆ. ಕೂರುವ ಫೋಟೋಗೆ ಒಂದು ಹಳೆಯ ಬೆಡ್‌ಶೀಟ್ ತನ್ನಿ, ಹುಲ್ಲಿನ ಕಲೆ ರೇಷ್ಮೆಯಿಂದ ಸುಲಭವಾಗಿ ಹೋಗುವುದಿಲ್ಲ. ಮಲ್ಲಿಗೆ ದಂಡೆ ಸಿಕ್ಕಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ, ಹೊರಡುವಾಗಷ್ಟೇ ಮುಡಿಸಿ. ಜೀನ್ಸಿನ ಜೊತೆ ಸಣ್ಣ ಚೌಕಳಿ, ಸಣ್ಣ ಗೆರೆಯ ಅಂಗಿ ಬೇಡ, ಡಿಜಿಟಲ್ ಕ್ಯಾಮೆರಾದಲ್ಲಿ ಅದರ ಮೇಲೆ ಅಲೆಅಲೆಯಾದ ಬಣ್ಣ ಮೂಡುತ್ತದೆ. ಕಡು ಗುಲಾಬಿ, ನಿಯಾನ್ ಹಸಿರಿನಂಥವು ಗಲ್ಲದ ಕೆಳಗೆ ತಮ್ಮ ಬಣ್ಣ ಚೆಲ್ಲುತ್ತವೆ. ಮಣಿಕಟ್ಟಿನ ಮೇಲಿನ ಕೂದಲಿನ ರಬ್ಬರ್ ಬ್ಯಾಂಡ್ ಮತ್ತು ಜೇಬಿನ ಫೋನ್, ಇವೆರಡನ್ನು ತೆಗೆಯಲು ಮರೆಯುವವರೇ ಹೆಚ್ಚು.

ಮಗಳದು ಸ್ವಲ್ಪ ಕಪ್ಪು ಬಣ್ಣ. ಮೊಡವೆಯೂ ಇದೆ. ಎಡಿಟಿಂಗ್‌ನಲ್ಲಿ ಬೆಳ್ಳಗೆ ಮಾಡಿಸಬಹುದಾ? (ಕ್ಯುಪರ್ಟಿನೋ, ಕ್ಯಾಲಿಫೋರ್ನಿಯಾ)

ದಯವಿಟ್ಟು ಮಾಡಿಸಬೇಡಿ. ಹದಿನೇಳು ವರ್ಷದ ಹುಡುಗಿಗೆ ತನ್ನ ಮೈಬಣ್ಣವನ್ನು ಮನೆಯವರೇ ಅಳಿಸಿದರು ಎಂದು ಗೊತ್ತಾದರೆ ಆ ಚಿತ್ರ ಗೋಡೆಯ ಮೇಲೆ ಇರುವಷ್ಟು ದಿನವೂ ಅವಳನ್ನು ಚುಚ್ಚುತ್ತದೆ. ಮೊಡವೆಯ ಮಾತು ಬೇರೆ. ಎರಡು ವಾರದಲ್ಲಿ ಮಾಯವಾಗುವಂಥದ್ದನ್ನು ತೆಗೆಸಿ. ಮಚ್ಚೆ, ಹುಟ್ಟುಗುರುತು, ಹಳೆಯ ಗಾಯದ ಕಲೆಗಳನ್ನು ಅವಳೇ ಕೇಳಿದರೆ ಮಾತ್ರ ಮುಟ್ಟಿಸಿ.

ನಮ್ಮ ಮೈಬಣ್ಣ ಫೋಟೋದಲ್ಲಿ ಮಂಕಾಗಿ ಕಾಣುವುದಕ್ಕೆ ಬಹಳ ಸಲ ಬೆಳಕಿನ ಅಳತೆಯೇ ಕಾರಣ. ಹಿಂದೆ ಬೆಳಗುವ ಆಕಾಶವಿದ್ದರೆ ಕ್ಯಾಮೆರಾ ಅದಕ್ಕೆ ತಕ್ಕಂತೆ ಬೆಳಕು ಇಳಿಸುತ್ತದೆ, ಮುಖ ಕಪ್ಪಿಡುತ್ತದೆ. ಅದನ್ನು ಆಮೇಲೆ ಎಡಿಟಿಂಗ್‌ನಲ್ಲಿ ಎತ್ತಿದರೆ ಬೂದುಬಣ್ಣ ಬರುತ್ತದೆ. ಮುಖಕ್ಕೆ ಅಳತೆ ಹಿಡಿದು ಬೆಳಕು ಕೊಟ್ಟರೆ ಬಣ್ಣ ಇದ್ದ ಹಾಗೇ ಹೊಳೆಯುತ್ತದೆ. ಇನ್ನೊಂದು ತೊಂದರೆ, ಕೆಲವರು ಎಲ್ಲ ಫೋಟೋಗಳಿಗೂ ಒಂದೇ ರೆಡಿಮೇಡ್ ಬಣ್ಣದ ಸೆಟ್ಟಿಂಗ್ ಹಾಕುತ್ತಾರೆ. ತಿಳಿ ಚರ್ಮಕ್ಕೆಂದು ಮಾಡಿದ ಅಂಥದು ನಮ್ಮ ಚರ್ಮವನ್ನು ಕಿತ್ತಳೆಯಾಗಿಸುತ್ತದೆ. ಆದ್ದರಿಂದ ಫೋಟೋಗ್ರಾಫರ್‌ರನ್ನು ಗೊತ್ತುಮಾಡುವ ಮುನ್ನ ವೆಬ್‌ಸೈಟಿನ ಆಯ್ದ ಹತ್ತು ಫೋಟೋ ನೋಡಿ ಮರುಳಾಗಬೇಡಿ. ನಮ್ಮಂಥ ಮೈಬಣ್ಣದ ಒಬ್ಬರ ಸೆಷನ್ನಿನ ಅಷ್ಟೂ ಫೋಟೋ ತೋರಿಸಿ ಎಂದು ಕೇಳಿ.

ಕನ್ನಡಕದ ಮೇಲೆ ಬೆಳಕು ಹೊಳೆಯದಂತೆ ಏನು ಮಾಡಬೇಕು? (ಟ್ರಾಯ್, ಮಿಷಿಗನ್)

ಗಲ್ಲವನ್ನು ತುಸು ಇಳಿಸಿ, ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒಂದು ಕೂದಲೆಳೆ ಎತ್ತಿದರೆ ಗಾಜು ಕೆಳಮುಖವಾಗುತ್ತದೆ, ಪ್ರತಿಫಲನ ಕ್ಯಾಮೆರಾದಿಂದ ಆಚೆ ಹೋಗುತ್ತದೆ. ಬಿಸಿಲಿಗೆ ಕಪ್ಪಾಗುವ ಗಾಜಾದರೆ ಈ ಉಪಾಯ ನಡೆಯುವುದಿಲ್ಲ, ಹಳೆಯ ಸಾದಾ ಕನ್ನಡಕ ತನ್ನಿ. ಅದೇ ಮಾದರಿಯ, ಗಾಜಿಲ್ಲದ ಫ್ರೇಮ್ ಎರವಲು ಕೊಡುತ್ತಾರೆಯೇ ಎಂದು ಕನ್ನಡಕದ ಅಂಗಡಿಯಲ್ಲಿ ಕೇಳಿಯೂ ನೋಡಬಹುದು. ದಿನವೂ ಹಾಕುವ ಮಗುವಿಗೆ ಪೂರ್ತಿ ತೆಗೆಸಿಬಿಡಬೇಡಿ.

ಫೋಟೋಗ್ರಾಫರ್ ಖರ್ಚು ಜಾಸ್ತಿ ಅನ್ನಿಸುತ್ತಿದೆ. ನಾವೇ ತೆಗೆಯಬಹುದೇ? (ಕ್ಯಾರಿ, ನಾರ್ತ್ ಕೆರೊಲಿನಾ)

ಖಂಡಿತ. ಕ್ಯಾಮೆರಾ ಇದ್ದರೆ 85 ಎಂಎಂ ಲೆನ್ಸ್, ಅಪರ್ಚರ್ ಎಫ್ 2.8, ಶಟರ್ ಸೆಕೆಂಡಿನ 250ನೇ ಒಂದು ಭಾಗ ಅಥವಾ ಇನ್ನೂ ವೇಗ. ಫೋಕಸ್ ಹತ್ತಿರದ ಕಣ್ಣಿನ ಮೇಲೆ. ಫೋನ್ ಆದರೆ ಮಾಮೂಲಿ ಲೆನ್ಸಿನಲ್ಲಿ ಹತ್ತಿರ ಹೋಗಬೇಡಿ, ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ. ಆರರಿಂದ ಎಂಟು ಅಡಿ ದೂರ ನಿಂತು 2x ಅಥವಾ 3x ಜೂಮ್ ಲೆನ್ಸ್ ಬಳಸಿ. ಪೋರ್ಟ್ರೇಟ್ ಮೋಡ್ ಗುಂಗುರು ಕೂದಲನ್ನೂ ಕನ್ನಡಕದ ಅಂಚನ್ನೂ ಕತ್ತರಿಸುವುದುಂಟು, ಅದಿಲ್ಲದೆಯೂ ಒಂದಷ್ಟು ತೆಗೆದಿಡಿ.

ಸೂರ್ಯ ಮಗುವಿನ ಬೆನ್ನಿಗಿರಲಿ. ಮುಂದೆ ಇನ್ನೊಬ್ಬರು 20×30 ಇಂಚಿನ ಬಿಳಿ ಫೋಮ್ ಬೋರ್ಡನ್ನು ಎದೆಮಟ್ಟದಲ್ಲಿ ಹಿಡಿದರೆ ಮುಖಕ್ಕೆ ಬೆಳಕು ಮರಳುತ್ತದೆ, ಕಣ್ಣಲ್ಲಿ ಮಿಂಚು ಬರುತ್ತದೆ. ನೆರಳಲ್ಲಾದರೆ ಅಂಚಿಗೆ ನಿಲ್ಲಿಸಿ, ಮುಖ ಬಯಲಿನ ಕಡೆಗೆ. ಮರದಡಿ ಮುಖದ ಮೇಲೆ ಬೀಳುವ ಬಿಸಿಲಿನ ಚುಕ್ಕೆಗಳನ್ನು ಯಾವ ಎಡಿಟಿಂಗೂ ಚೆನ್ನಾಗಿ ತೆಗೆಯಲಾರದು. ದಟ್ಟ ಹುಲ್ಲಿನ ಮೇಲೆ ಕೂತರೆ ಗಲ್ಲದಡಿ ಹಸಿರು ಹತ್ತುತ್ತದೆ, ಕಲ್ಲು ಅಥವಾ ಕಾಂಕ್ರೀಟ್ ಮೆಟ್ಟಿಲು ವಾಸಿ. ಮೋಡ ಕವಿದರೆ ದಿನ ಮುಂದೂಡಬೇಡಿ, ಆ ಬೆಳಕು ಮೃದು.

ಮಗನಿಗೆ ರೈಲು ಹಳಿಯ ಮೇಲೆ ಫೋಟೋ ಬೇಕಂತೆ. (ಕೊಲಂಬಸ್, ಒಹಾಯೋ)

ಬೇಡವೇ ಬೇಡ. ಹಳಿ ರೈಲು ಕಂಪನಿಯ ಆಸ್ತಿ, ಅಲ್ಲಿ ಕಾಲಿಟ್ಟರೆ ಅತಿಕ್ರಮ ಪ್ರವೇಶದ ಕೇಸು. ಗಂಟೆಗೆ 55 ಮೈಲಿ ವೇಗದ ಗೂಡ್ಸ್ ರೈಲು ಬ್ರೇಕ್ ಹಾಕಿದ ಮೇಲೂ ನಿಲ್ಲಲು ಒಂದು ಮೈಲಿ ಅಥವಾ ಹೆಚ್ಚು ಓಡುತ್ತದೆ. ಡಬ್ಬಿಗಳು ಹಳಿಯಿಂದ ಎರಡೂ ಪಕ್ಕಕ್ಕೆ ಮೂರಡಿಯಷ್ಟು ಚಾಚಿರುತ್ತವೆ. ಇದೇ ಎಚ್ಚರಿಕೆ ಹೇಳಲು ಆಪರೇಷನ್ ಲೈಫ್‌ಸೇವರ್ ಎಂಬ ಸಂಸ್ಥೆ 1972ರಿಂದ ಕೆಲಸ ಮಾಡುತ್ತಿದೆ. ಹಳಿಯೇ ಬೇಕೆಂದರೆ ರೈಲು ಮ್ಯೂಸಿಯಂನವರ ಅನುಮತಿ ಕೇಳಿ. ಊರಿನ ಉದ್ಯಾನ, ಸಸ್ಯೋದ್ಯಾನಗಳಲ್ಲೂ ಹಣ ಪಡೆದು ಫೋಟೋ ತೆಗೆಯುವವರಿಗೆ ಪರ್ಮಿಟ್ ಬೇಕಾಗಬಹುದು, ಅದನ್ನು ಯಾರು ಮಾಡಿಸುತ್ತಾರೆಂದು ಮೊದಲೇ ಮಾತಾಡಿಕೊಳ್ಳಿ.

ನನಗೆ ಫೋಟೋಗೆ ನಿಲ್ಲೋದೇ ಇಷ್ಟ ಇಲ್ಲ. ಅಮ್ಮ ಬಿಡ್ತಿಲ್ಲ. (ವಿದ್ಯಾರ್ಥಿ, ಸಿಯಾಟಲ್ ಹತ್ತಿರ)

ಇಯರ್‌ಬುಕ್‌ನದು ಹತ್ತು ನಿಮಿಷದ ಕೆಲಸ, ಅದನ್ನು ಮುಗಿಸಿಬಿಡಿ. ಇನ್ನೊಂದಕ್ಕೆ ಮೂವತ್ತು ನಿಮಿಷದ ಸಣ್ಣ ಸೆಷನ್, ಒಂದೇ ಬಟ್ಟೆ ಎಂದು ಅಮ್ಮನ ಜೊತೆ ಒಪ್ಪಂದ ಮಾಡಿಕೊಳ್ಳಿ. ಜಾಗವನ್ನು ನೀವೇ ಆರಿಸಿ. ಕೈಗೆ ಕೆಲಸವಿದ್ದರೆ ಮುಜುಗರ ಅರ್ಧ ಇಳಿಯುತ್ತದೆ, ಮೃದಂಗವೋ ಬ್ಯಾಸ್ಕೆಟ್‌ಬಾಲೋ ನಿಮ್ಮ ರೋಬಾಟೋ ತನ್ನಿ. ನಿಲ್ಲುವಾಗ ಭಾರ ಹಿಂದಿಟ್ಟ ಕಾಲಿನ ಮೇಲೆ, ತೋಳು ಮೈಗೆ ಅಂಟದಂತೆ. ಅಪ್ಪ ಅಮ್ಮ ಇಬ್ಬರೂ ಕ್ಯಾಮೆರಾದ ಹಿಂದೆ ನಿಂತು "ನಗು, ನಗು" ಎನ್ನುತ್ತಿದ್ದರೆ ಯಾರಿಗೂ ನಗು ಬರುವುದಿಲ್ಲ. ಅವರು ಕಾರಿನಲ್ಲಿ ಕೂರಲಿ ಎಂದು ಫೋಟೋಗ್ರಾಫರ್‌ರಿಂದಲೇ ಹೇಳಿಸಿ.

ಮೊಮ್ಮಗಳ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಬಂತು. ದೊಡ್ಡದು ಮಾಡಿಸಿದರೆ ಮಸುಕು. (ಧಾರವಾಡದ ಅಜ್ಜ)

ಅಜ್ಜಾರ, ವಾಟ್ಸ್‌ಆ್ಯಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ಅದನ್ನೇ ಡಾಕ್ಯುಮೆಂಟ್ ಆಗಿ ಕಳಿಸಲು ಮಗನಿಗೆ ಹೇಳಿ, ಮೂಲ ಫೈಲು ಹಾಗೇ ಬರುತ್ತದೆ. 8×12 ಇಂಚಿಗೆ 2400×3600 ಪಿಕ್ಸೆಲ್ ಇದ್ದರೆ ಅಚ್ಚು ಸ್ಪಷ್ಟ. ಅಮೆರಿಕದಲ್ಲಿ 8×10 ಹೆಚ್ಚು ಚಾಲ್ತಿ, ಆದರೆ ಕ್ಯಾಮೆರಾದ ಚಿತ್ರ 8×12ರ ಆಕಾರದ್ದು. 8×10 ಮಾಡಿಸಿದರೆ ಉದ್ದದಲ್ಲಿ ಎರಡು ಇಂಚು ಕತ್ತರಿಸಿ ಹೋಗಿ, ನಿಂತ ಫೋಟೋದಲ್ಲಿ ಪಾದವೇ ಇರುವುದಿಲ್ಲ. ನಮ್ಮೂರ ಕಡೆಯ ಲ್ಯಾಬ್‌ಗಳಲ್ಲಿ 8×12, 12×18 ಸುಲಭವಾಗಿ ಸಿಗುತ್ತವೆ, ಅವನ್ನೇ ಹೇಳಿ. ಅಮೆರಿಕದಲ್ಲಿ ಫೋಟೋದ ಹಕ್ಕು ಸಾಮಾನ್ಯವಾಗಿ ತೆಗೆದವರದೇ, ಹಾಗಾಗಿ ಅಚ್ಚು ಹಾಕಿಸಲು ಅನುಮತಿ ಪತ್ರ ಫೈಲಿನ ಜೊತೆಗಿದೆಯೇ ಎಂದು ಮಗ ನೋಡಿಕೊಳ್ಳಲಿ. ಮ್ಯಾಟ್ ಕಾಗದ ಇರಲಿ. ಕಟ್ಟು ಹಾಕಿಸುವಾಗ ಗಾಜಿಗೂ ಫೋಟೋಗೂ ನಡುವೆ ರಟ್ಟಿನ ಅಂಚು ಇಡಲು ಹೇಳಿ, ಮಳೆಗಾಲದ ತೇವಕ್ಕೆ ಫೋಟೋ ಗಾಜಿಗೆ ಅಂಟಿಕೊಂಡರೆ ಬಿಡಿಸಲು ಬರುವುದಿಲ್ಲ.